ಶಿಶುಗಳ ಕೈಗೆ ಗಣಕದ ಆಟ: ಶ್ರಾವಕರು ವಿಚಾರಿಸಬೇಕಾದ ಮಾತು

ಭಗವಾನ್ ಆದಿನಾಥ ಸ್ವಾಮಿಯು ತನ್ನ ಪುತ್ರಿಯರಾದ ಬ್ರಾಹ್ಮಿ ಮತ್ತು ಸೌಂದರಿಯರಿಗೆ ವಿದ್ಯೆಯನ್ನು ಉಪದೇಶಿಸಿದ ಪ್ರಸಂಗವನ್ನು ಅರಿಯದ ಜೈನ ಮನೆತನವಿಲ್ಲ. 9ನೆಯ ಶತಮಾನದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಈ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಅದೇ ಪುರಾಣವನ್ನು ಕ್ರಿ.ಶ. 941ರಲ್ಲಿ ಪಂಪ ಮಹಾಕವಿಯು ಕನ್ನಡಿಗರ ಪಾಲಿಗೆ ತಂದುಕೊಟ್ಟನು. ಸ್ವಾಮಿಯು ಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ವಿಸ್ತಾರವಾದ ಸುವರ್ಣಪಟ್ಟಿಕೆಯ ಮೇಲೆ ತನ್ನ ಎರಡೂ ಕೈಗಳಿಂದ ಬರೆದು, ಒಬ್ಬಳಿಗೆ ಅಕ್ಷರವನ್ನೂ ಮತ್ತೊಬ್ಬಳಿಗೆ ಅಂಕವನ್ನೂ ಕಲಿಸಿದನು. ಆಗ ಅವರು ಹಸುಗೂಸುಗಳಾಗಿರಲಿಲ್ಲ. ತಿಳಿವಳಿಕೆ ಬಂದ ಮಕ್ಕಳೇ ಆಗಿದ್ದರು. ಅಂಥವರಿಗೂ ವಿದ್ಯೆಯ ಮೊದಲ ಪೀಠವೆಂದರೆ ತಂದೆಯ ತೊಡೆಯೇ ಆಯಿತು.

ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಮ್ಮ ಮನೆಗಳನ್ನು ಹೊಕ್ಕು ನೋಡಿದರೆ ಪಟ್ಟಿಕೆಯು ಉಳಿದಿದೆ, ತೊಡೆಯು ಮಾತ್ರ ಕಾಣೆಯಾಗಿದೆ. ಮೂರು ವರ್ಷದ ಕೂಸು ಗೋಡೆಗೆ ಒರಗಿ ಕುಳಿತು, ಮೊಬೈಲಿನ ಗಾಜಿನ ಮೇಲೆ ಬೆರಳು ಆಡಿಸುತ್ತಿರುತ್ತದೆ. "ಏನೋ ಹಾಳು ಆಟವಲ್ಲ, ಕಲಿಕೆಯ ಆಟ; ಎ ಬಿ ಸಿ ಡಿ ತಾನೇ ಕಲಿತುಕೊಂಡಿದೆ" ಎಂದು ತಾಯಿತಂದೆಗಳು ಅಭಿಮಾನದಿಂದ ಹೇಳುತ್ತಾರೆ. ಮನೆಯ ಈ ರೂಢಿಯು ಈಗ ಬಸದಿಯ ಬಾಗಿಲಿಗೂ ಬಂದಿದೆ. ಪಾಠಶಾಲೆಯ ಜೊತೆಗೆ ಶಿಶುವಿಹಾರವನ್ನೂ ನಡೆಸುವ ವಿಶ್ವಸ್ತ ಮಂಡಳಿಗಳ ಮುಂದೆ, ಶಾಸ್ತ್ರದಾನದ ನಿಧಿಯಿಂದ ಟ್ಯಾಬ್ಲೆಟ್‌ಗಳನ್ನು ಕೊಂಡು, ಶಾಲೆಗೆ ಸೇರದ ಮಕ್ಕಳಿಗೆ ಗಣಕದ ಆಟಗಳ ಮೂಲಕ ಅಕ್ಷರಾಭ್ಯಾಸ ಮಾಡಿಸಬೇಕೆಂಬ ಸೂಚನೆಗಳು ಬರತೊಡಗಿವೆ. ಸೂಚಿಸುವವರು ಸಮಾಜದ ಹಿತವನ್ನು ಬಯಸುವ ಸಜ್ಜನರೇ ಆಗಿದ್ದಾರೆ. ಆದರೂ ಈ ಸೂಚನೆಯನ್ನು ಯಾವ ಮಂಡಳಿಯೂ ಒಪ್ಪಬಾರದು ಎಂಬುದು ಈ ಲೇಖನದ ಸ್ಪಷ್ಟ ವಾದ. ಐದು ವರ್ಷ ತುಂಬದ ಮಗುವಿಗೆ ಗಣಕದ ಆಟವು ವಿದ್ಯೆಯಲ್ಲ. ಅದಕ್ಕಾಗಿ ಧರ್ಮದ ಹಣವನ್ನು ವೆಚ್ಚ ಮಾಡುವುದು ದಾನವೂ ಅಲ್ಲ.

ಮೊದಲು ವಿದ್ಯೆಯ ವಿಚಾರವನ್ನೇ ನೋಡೋಣ. ಸವದತ್ತಿ ತಾಲೂಕಿನ ಒಂದು ಮನೆಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನು ಇಪ್ಪತ್ತರವರೆಗೆ ಇಂಗ್ಲಿಷಿನಲ್ಲಿ ತಡವರಿಸದೆ ಎಣಿಸುವುದನ್ನು ಮನೆಯವರು ಹೆಮ್ಮೆಯಿಂದ ಕೇಳಿಸಿದರು. ಅವನ ಮುಂದೆ ಏಳು ತೊಗರಿಕಾಳುಗಳನ್ನಿಟ್ಟು "ಎಷ್ಟಿವೆ, ಎಣಿಸಪ್ಪಾ" ಎಂದಾಗ, ಅವನು ಕಾಳುಗಳ ಮೇಲೆ ಬೆರಳಾಡಿಸುತ್ತ ಇಪ್ಪತ್ತರವರೆಗೂ ಹೇಳಿ ಮುಗಿಸಿದನು. ಬಳಿಕ ನಕ್ಷತ್ರ ಮೂಡಲೆಂದೋ ಚಪ್ಪಾಳೆ ಕೇಳಲೆಂದೋ ನನ್ನ ಮುಖವನ್ನೇ ನೋಡುತ್ತ ಕುಳಿತನು. ಎಣಿಕೆಯ ಹಾಡು ಅವನಿಗೆ ಬಂದಿತ್ತು, ಎಣಿಕೆ ಬಂದಿರಲಿಲ್ಲ. ಒಂದು ಕಾಳಿಗೆ ಒಂದು ಅಂಕ ಎಂಬ ಸಂಬಂಧವು ಬೆರಳಿನಿಂದ ಹಿಡಿದು, ಎತ್ತಿ, ಬೇರೆ ಕಡೆ ಇಟ್ಟಾಗಲೇ ಮನಸ್ಸಿಗೆ ಇಳಿಯುತ್ತದೆ. ಗಾಜಿನ ಮೇಲಿನ ಕಾಳಿಗೆ ತೂಕವಿಲ್ಲ, ಉರುಟುತನವಿಲ್ಲ, ಕೈಜಾರಿ ಉರುಳುವ ಗುಣವೂ ಇಲ್ಲ.

ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು 9 ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು 12 ಸಲ ಕೇಳಿಸಿದರು. ಕೆಲವು ಶಿಶುಗಳ ಎದುರಿಗೆ ಆ ಭಾಷೆಯನ್ನಾಡುವ ವ್ಯಕ್ತಿಯೇ ಕುಳಿತು ಮಾತನಾಡಿದರು; ಉಳಿದವುಗಳಿಗೆ ಅದೇ ಮಾತನ್ನು ದೂರದರ್ಶನದ ಪರದೆಯಲ್ಲಿ ತೋರಿಸಿದರು ಅಥವಾ ಧ್ವನಿಯನ್ನಷ್ಟೇ ಕೇಳಿಸಿದರು. ಎದುರಿಗೆ ಮನುಷ್ಯರಿದ್ದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಪರದೆಯನ್ನು ನೋಡಿದವುಗಳು ಕಲಿಯಲಿಲ್ಲ. ಮಾತು ಒಂದೇ, ಅವಧಿಯೂ ಒಂದೇ. ಇಲ್ಲದೆ ಹೋದದ್ದು ಜೀವಂತ ಸಾನ್ನಿಧ್ಯವೊಂದೇ. ಶಿಶುಗಳ ಬುದ್ಧಿಯನ್ನು ಬೆಳೆಸುತ್ತವೆಂಬ ಖ್ಯಾತಿಯಿಂದ ಲೋಕದಾದ್ಯಂತ ಮಾರಾಟವಾದ 'ಬೇಬಿ ಐನ್‌ಸ್ಟೈನ್' ಎಂಬ ದೃಶ್ಯಮುದ್ರಿಕೆಗಳನ್ನು ಕೊಂಡವರಿಗೆ, 2009ರಲ್ಲಿ ಡಿಸ್ನಿ ಸಂಸ್ಥೆಯು ಹಣವನ್ನು ಹಿಂದಿರುಗಿಸಲು ಮುಂದಾಯಿತೆಂಬುದನ್ನೂ ಇಲ್ಲಿ ನೆನೆಯಬಹುದು.

"ಅವು ಬರಿಯ ಚಿತ್ರಗಳು; ಆಟವಾದರೋ ಮಗುವಿಗೆ ಉತ್ತರ ಕೊಡುತ್ತದೆ" ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ನಾಲ್ಕೈದು ವರ್ಷದ ಮಗುವು ಹಿರಿಯರ ಮಗ್ಗುಲಲ್ಲಿ ಕುಳಿತು, ಚೆನ್ನಾಗಿ ರಚಿಸಿದ ಆಟದಿಂದ ಕೆಲವು ಅಕ್ಷರಗಳನ್ನು ಗುರುತಿಸಲು ಕಲಿಯಬಹುದೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಹಿರಿಯರು ಮಗ್ಗುಲಲ್ಲಿ ಕುಳಿತಿದ್ದರೆ ಅಕ್ಷರ ಕಲಿಸಲು ಒಂದು ಹಿಡಿ ಮರಳು ಸಾಕಾಗುತ್ತಿತ್ತು. ನಾವು ಆಟವನ್ನು ತರುವುದು ಹಿರಿಯರು ಮಗ್ಗುಲಿಂದ ಎದ್ದುಹೋಗಲೆಂದೇ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಯಾವ ನಿಬಂಧನೆಯಿಂದ ಆಟವು ಉಪಕಾರಿಯಾಗಬಹುದೋ, ಆ ನಿಬಂಧನೆಯನ್ನು ಮುರಿಯುವುದಕ್ಕಾಗಿಯೇ ಅದನ್ನು ಕೊಳ್ಳುತ್ತಿದ್ದೇವೆ.

ವೈದ್ಯರ ಅಭಿಪ್ರಾಯವೂ ಬೇರೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸೂಚನೆಗಳಂತೆ, ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಕೂಡದು. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂಡಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಶಿಶುವೈದ್ಯರ ಅಕಾಡೆಮಿಯು 2021ರಲ್ಲಿ ರೂಪಿಸಿದ ಮಾರ್ಗಸೂಚಿಯು ಎರಡು ವರ್ಷದವರೆಗೆ ಪರದೆ ಬೇಡವೆಂದು ಹೇಳಿ, 2ರಿಂದ 5 ವರ್ಷದವರಿಗೆ ಹಿರಿಯರ ನಿಗಾದಲ್ಲಿ ಗರಿಷ್ಠ ಒಂದು ಗಂಟೆಯ ಮಿತಿಯನ್ನು ಹಾಕಿದೆ. ಮನೆಯ ಮೊಬೈಲಿನಲ್ಲಿಯೇ ಈ ಮಿತಿಯು ಮುಗಿದುಹೋಗಿರುವಾಗ, ಶಿಶುವಿಹಾರವೂ ತನ್ನ ಪಾಲಿನ ಪರದೆಯನ್ನು ಸೇರಿಸಬೇಕೇ?

ನಮ್ಮ ನಾಡಿನಲ್ಲಿಯೇ ಈ ಪ್ರಶ್ನೆಯು ಒಮ್ಮೆ ಎಲ್ಲರ ಮುಂದೆ ಬಂದಿತ್ತು. ಕೊರೊನಾ ಕಾಲದಲ್ಲಿ, 2020ರ ಜೂನ್‌ನಲ್ಲಿ, ಕರ್ನಾಟಕ ಸರ್ಕಾರವು ಎಲ್.ಕೆ.ಜಿ.ಯಿಂದ 5ನೆಯ ತರಗತಿಯವರೆಗಿನ ಆನ್‌ಲೈನ್ ಪಾಠಗಳನ್ನು ನಿಲ್ಲಿಸಬೇಕೆಂದು ತೀರ್ಮಾನಿಸಿತು. ಆ ತಿಂಗಳ ಕೊನೆಗೆ ಹೊರಟ ಮತ್ತೊಂದು ಆದೇಶವು ಶಾಲಾಪೂರ್ವ ಮಕ್ಕಳ ವಿಷಯದಲ್ಲಿ ವಾರಕ್ಕೊಮ್ಮೆ 30 ನಿಮಿಷ, ಅದೂ ಪಾಲಕರೊಡನೆ, ಎಂಬ ಮಿತಿಯನ್ನು ಹಾಕಿತು. ಜುಲೈ 8ರಂದು ಉಚ್ಚ ನ್ಯಾಯಾಲಯವು ಶಿಕ್ಷಣದ ಹಕ್ಕಿನ ದೃಷ್ಟಿಯಿಂದ ಈ ನಿರ್ಬಂಧಗಳಿಗೆ ತಡೆಯಾಜ್ಞೆ ನೀಡಿತು. ಶಾಲೆಗಳ ಬಾಗಿಲು ಮುಚ್ಚಿದ್ದ ಆ ಆಪತ್ಕಾಲದಲ್ಲಿ ನ್ಯಾಯಾಲಯದ ಚಿಂತೆಯು ಸಹಜವಾದುದೇ. ಆದರೆ ಆಪತ್ಕಾಲದ ಗಂಜಿಯನ್ನು ಸುಭಿಕ್ಷಕಾಲದಲ್ಲಿಯೂ ಪಕ್ವಾನ್ನವೆಂದು ಬಡಿಸಲು ಹೊರಟಿರುವುದು ನಮ್ಮದೇ ತಪ್ಪು. ಶಾಲೆ ತೆರೆದಿದೆ, ಅಂಗನವಾಡಿ ತೆರೆದಿದೆ, ಬಸದಿ ತೆರೆದಿದೆ, ಅಂಗಳವೂ ತೆರೆದಿದೆ.

ಇನ್ನು ಈ ಆಟಗಳ ಒಳಗಿನ ಹಂಚಿಕೆಯನ್ನು ವಿಚಾರಿಸೋಣ. ಮಗು ಸರಿಯಾದ ಚಿತ್ರವನ್ನು ಮುಟ್ಟಿದರೆ ಗಂಟೆ ಬಾರಿಸುತ್ತದೆ, ನಕ್ಷತ್ರ ಸಿಡಿಯುತ್ತದೆ, ನಾಣ್ಯ ಉದುರುತ್ತದೆ. ತಪ್ಪಿದರೆ ಒಂದು ಕೆಟ್ಟ ಸದ್ದು. ಮತ್ತೆ ಮುಟ್ಟು, ಮತ್ತೆ ನಾಣ್ಯ. ನಮ್ಮ ಆಚಾರ್ಯರು ರತಿ ಮತ್ತು ಅರತಿ ಎಂದು ಯಾವುದನ್ನು ನೋಕಷಾಯಗಳಲ್ಲಿ ಎಣಿಸಿದರೋ, ಅವೆರಡನ್ನೇ ಎರಡು ಹಗ್ಗಗಳಾಗಿ ಹಿಡಿದು ಕೂಸಿನ ಮನಸ್ಸನ್ನು ಎಳೆಯುವ ಯಂತ್ರವಿದು. ಲೋಭವನ್ನು ಕ್ಷಯಿಸುವುದು ಎಷ್ಟು ಕಠಿಣವೆಂಬುದನ್ನು ಬಲ್ಲ ಸಮಾಜವೊಂದು, ಮಾತು ಸರಿಯಾಗಿ ಬಾರದ ಮಗುವಿಗೆ ನಾಣ್ಯ ಕೂಡಿಸುವ ಚಟವನ್ನು ಕಲಿಸಿ ಅದಕ್ಕೆ ಗಣಿತವೆಂದು ಹೆಸರಿಡಬಹುದೇ? ತಾಯಿಯು ಮೊಬೈಲನ್ನು ಕಸಿದುಕೊಂಡಾಗ ಮಗು ನೆಲಕ್ಕೆ ಬಿದ್ದು ಹೊರಳಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಕ್ಷರದ ಮೇಲಿನ ಪ್ರೀತಿಯಿಂದ ಯಾವ ಮಗುವೂ ಹಾಗೆ ಹೊರಳಾಡುವುದಿಲ್ಲ.

ಪುಕ್ಕಟೆಯಾಗಿ ಸಿಗುವ ಆಟಗಳ ಬೆಲೆಯನ್ನು ಯಾರೋ ತೆರುತ್ತಲೇ ಇರುತ್ತಾರೆ. ಹಲವು ಆಟಗಳು ಜಾಹೀರಾತಿನಿಂದ ಬದುಕುತ್ತವೆ. ಮಗು ಎಷ್ಟು ಹೊತ್ತು ಕಣ್ಣು ನೆಟ್ಟು ಕುಳಿತಿತೋ ಅಷ್ಟು ಲಾಭ. ಪಾಲಕರ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿಯನ್ನು ಸಂಗ್ರಹಿಸಿದ ಆರೋಪಕ್ಕಾಗಿ 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಮತ್ತು ಯೂಟ್ಯೂಬ್ ಸಂಸ್ಥೆಗಳು ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ, ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆಂದು, ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ತೋರಿಸಬಾರದೆಂದು ವಿಧಿಸಿದೆ. ಕಾಯ್ದೆಯೇ ಬೇಲಿ ಹಾಕಬೇಕಾಗಿ ಬಂದ ಹೊಲಕ್ಕೆ ಕೂಸನ್ನು ಒಂಟಿಯಾಗಿ ಬಿಡುವವರು, ಅದನ್ನು ವಾತ್ಸಲ್ಯವೆಂದು ಕರೆಯಬಾರದು.

ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಮಾತು ಇನ್ನೂ ಗಂಭೀರವಾಗುತ್ತದೆ. ತೆರೆಯ ಮೇಲೆ ಇರುವೆ, ಜೀರುಂಡೆಗಳು ಓಡಾಡುತ್ತವೆ; ಸರಿಯಾದ ಅಂಕವಿರುವ ಹುಳುವನ್ನು ಮಗು ಬೆರಳಿನಿಂದ ಒತ್ತಿ ಹೊಸಕಬೇಕು. ಇಂಥ ಆಟಗಳೂ ಕಲಿಕೆಯ ಆಟಗಳೆಂದೇ ಹೆಸರು ಪಡೆದಿವೆ. "ನಿಜವಾದ ಇರುವೆ ಸಾಯುವುದಿಲ್ಲವಲ್ಲ" ಎಂದು ನಗುವವರು ಜನ್ನಕವಿಯನ್ನು ಓದಿಲ್ಲ. ಕ್ರಿ.ಶ. 1209ರ ಯಶೋಧರ ಚರಿತೆಯಲ್ಲಿ ಯಶೋಧರ ಮಹಾರಾಜನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿಯೂ ರಕ್ತ ಹರಿಯಲಿಲ್ಲ. ಆದರೂ ಆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ಭವಭವಗಳಲ್ಲಿ ಪಶುಪಕ್ಷಿಗಳ ಯೋನಿಯಲ್ಲಿ ತೊಳಲಿದರು. ಹಿಂಸೆಯ ಬೇರು ಪ್ರಮಾದಯುಕ್ತವಾದ ಮನಸ್ಸಿನಲ್ಲಿದೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸಾರಿದ್ದಾರೆ. ಅರಿವಿಲ್ಲದ ಶಿಶುವಿಗೆ ಸಂಕಲ್ಪದೋಷವನ್ನು ಯಾರೂ ಹೊರಿಸಲಾರರು. ಆದರೆ ಅದರ ಕೈಗೆ ಹಿಟ್ಟಿನ ಕೋಳಿಯನ್ನೂ ಕತ್ತಿಯನ್ನೂ ಒಟ್ಟಿಗೆ ಕೊಟ್ಟ ನಾವು ಅರಿವುಳ್ಳವರು. ಹುಳುವನ್ನು ಹೊಸಕಿದಾಗ ಗಂಟೆ ಬಾರಿಸಿದ ನೆನಪು, ಮುಂದೆ ಅಂಗಳದ ಇರುವೆಯ ಮುಂದೆ ಎಚ್ಚರವಾಗುವುದಿಲ್ಲವೆಂದು ಯಾರು ಹೊಣೆ ಹೊರುತ್ತಾರೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿ, ನಿಷ್ಪ್ರಯೋಜಕವಾದ ಚಟುವಟಿಕೆಯನ್ನು ಪ್ರಮಾದಚರ್ಯೆ ಎಂದಿದ್ದಾರೆ. ಹೊತ್ತು ಕಳೆಯಲೆಂದು ಮಗುವಿಗೆ ಯಂತ್ರವನ್ನು ಕೊಡುವುದು ಇದರಲ್ಲಿ ಸೇರದೆ ಇನ್ನಾವುದರಲ್ಲಿ ಸೇರೀತು? ಇನ್ನೊಂದು ಮಾತು. ಜಿನಸೇನಾಚಾರ್ಯರು ಹೇಳಿದ ಗರ್ಭಾನ್ವಯ ಕ್ರಿಯೆಗಳಲ್ಲಿ ಲಿಪಿಸಂಖ್ಯಾನ ಕ್ರಿಯೆಯು ಐದನೆಯ ವರ್ಷಕ್ಕೆ ವಿಹಿತವಾಗಿದೆ. ಅಕ್ಷರಕ್ಕೂ ಒಂದು ಕಾಲವಿದೆ, ಅದಕ್ಕೆ ಮೊದಲಿನ ಕಾಲವು ಬರಿದಾದುದಲ್ಲ, ಅದು ಅನ್ನಪ್ರಾಶನ, ಕೇಶವಾಪಗಳಂತಹ ಸಂಸ್ಕಾರಗಳ ಕಾಲ ಎಂಬ ವಿವೇಕವು ಇದರ ಹಿಂದಿದೆ. ಎರಡೂವರೆ ವರ್ಷಕ್ಕೆ ಎ ಬಿ ಸಿ ಡಿ ಹೇಳದಿದ್ದರೆ ಮಗು ಹಿಂದೆ ಬಿದ್ದಿತೆಂದು ಅಂಜುವ ತಾಯಿತಂದೆಗಳಿಗೆ ಈ ವಿಧಿಯೇ ಸಮಾಧಾನವನ್ನು ಹೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಬುನಾದಿ ಹಂತವನ್ನು ಆಟ ಮತ್ತು ಚಟುವಟಿಕೆಯ ಹಂತವೆಂದು ಹೇಳಿತು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಈ ಹಂತಕ್ಕಾಗಿ ಹೊರತಂದ 'ಜಾದೂಯಿ ಪಿಟಾರಾ' ಎಂಬ ಪೆಟ್ಟಿಗೆಯೊಳಗೆ ಆಟಿಕೆ, ಒಗಟು, ಸೂತ್ರದ ಗೊಂಬೆ, ಕಥೆಪುಸ್ತಕಗಳನ್ನೇ ಇಟ್ಟಿತು.

ನಮ್ಮ ಮಲಪ್ರಭೆಯ ಬಯಲಿನಲ್ಲಿ ಈ ಪೆಟ್ಟಿಗೆಗೆ ಹೊರಗಿನಿಂದ ತರಬೇಕಾದುದು ಬಹಳವಿಲ್ಲ. ಎರೆಮಣ್ಣು ಇದೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತನ್ನು ಮಾಡಲು ಕಲಿತ ಬೆರಳು ಮುಂದೆ ಲೇಖನಿಯನ್ನೂ ಬಲ್ಲದು. ಹತ್ತಿಕಾಳು, ಹುರುಳಿ, ಕಡಲೆ, ಜೋಳಗಳಿವೆ. ಬಣ್ಣ, ಗಾತ್ರ, ಎಣಿಕೆ ಮೂರೂ ಅವುಗಳಲ್ಲಿಯೇ ಇವೆ. ಅಳಗುಳಿ ಮಣೆ ಇನ್ನೂ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಆಯಿಯು ಮೊರದಲ್ಲಿ ಕಾಳು ಹಸನು ಮಾಡುವಾಗ, ಹುಳುವನ್ನು ಮೆಲ್ಲನೆ ಬೇರ್ಪಡಿಸಿ ನೆರಳಿಗೆ ಬಿಡುವುದನ್ನು ಕಂಡ ಮಗುವಿಗೆ ಎಣಿಕೆ ಮತ್ತು ಜೀವದಯೆ ಒಂದೇ ಪಾಠವಾಗಿ ಬರುತ್ತವೆ. ನೀರನ್ನು ಅರಿವೆಯಿಂದ ಸೋಸುವುದೇಕೆಂದು ಮಗು ಕೇಳಿದರೆ ಅಲ್ಲಿಂದ ಒಂದು ಧರ್ಮೋಪದೇಶವೇ ಮೊದಲಾಗುತ್ತದೆ. ಕಿತ್ತೂರಿನ ಕೋಟೆಯ ಮುಂದೆ, ಬೈಲಹೊಂಗಲದ ಚೆನ್ನಮ್ಮನ ಸಮಾಧಿಯ ಮುಂದೆ ಅಜ್ಜನು ಹೇಳುವ ಕಥೆಗೆ ಮಗು ನಡುವೆ ಬಾಯಿ ಹಾಕಬಹುದು, "ಆಮೇಲೆ?" ಎನ್ನಬಹುದು. ತೆರೆಯ ಮೇಲಿನ ಗೊಂಬೆಗೆ ಮಗುವಿನ ಹೆಸರೂ ತಿಳಿಯದು, ಅದರ "ಯಾಕ?" ಎಂಬ ಪ್ರಶ್ನೆಯೂ ಕೇಳಿಸದು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡುವುದು ನ್ಯಾಯ. ಮೊದಲನೆಯದು: ಹೊಲಗೆಲಸಕ್ಕೆ ಹೋಗುವ ತಾಯಿ, ರಾಮದುರ್ಗದಲ್ಲಿ ಮಗ್ಗದ ಮುಂದೆ ದಿನವಿಡೀ ಕೂಡುವ ತಾಯಿ ಮಗುವಿನ ಮಗ್ಗುಲಲ್ಲಿ ಕೂಡಲು ಹೊತ್ತೆಲ್ಲಿಂದ ತರಬೇಕು? ಈ ಪ್ರಶ್ನೆ ನಿಜವಾದುದು, ಆ ತಾಯಿಯನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಅವಳ ಬಳಿ ಹೊತ್ತಿಲ್ಲದಿರುವುದರಿಂದಲೇ ಸಮಾಜವು ಅವಳ ಮಗುವಿಗೆ ಮನುಷ್ಯರ ಹೊತ್ತನ್ನು ಒದಗಿಸಬೇಕು. ಉಳ್ಳವರ ಮಗುವಿಗೆ ಆಯಿ, ಅಜ್ಜ, ಕಥೆಪುಸ್ತಕ; ಇಲ್ಲದವರ ಮಗುವಿಗೆ ಟ್ಯಾಬ್ಲೆಟ್ ಎಂದಾದರೆ ಅದು ಯಾವ ಸಮತೆ? ಎರಡನೆಯದು: ಕಿವಿ ಕೇಳಿಸದ, ಮಾತು ತಡವಾದ ಮಕ್ಕಳಿಗೆ ಗಣಕವು ನೆರವಾಗುವುದಿಲ್ಲವೇ? ತಜ್ಞರ ಸಲಹೆಯಂತೆ ಬಳಸಿದರೆ ಖಂಡಿತವಾಗಿ ನೆರವಾಗಬಹುದು. ಅದು ಔಷಧದಾನಕ್ಕೆ ಸಮಾನ. ಔಷಧವನ್ನು ರೋಗವಿಲ್ಲದವರಿಗೆಲ್ಲ ಊಟವೆಂದು ಬಡಿಸುವುದಿಲ್ಲ. ದೂರದ ಊರಿನಲ್ಲಿರುವ ತಂದೆಯ ಮುಖವನ್ನು ಮೊಬೈಲಿನಲ್ಲಿ ನೋಡಿ ಮಾತನಾಡುವ ಮಗುವನ್ನೂ ಇಲ್ಲಿ ಯಾರೂ ಆಕ್ಷೇಪಿಸುತ್ತಿಲ್ಲ. ಅಲ್ಲಿ ಎದುರಿಗಿರುವುದು ಮನುಷ್ಯನೇ.

ಕೊನೆಯದಾಗಿ ವಿಶ್ವಸ್ತರಲ್ಲಿ ಒಂದು ವಿನಂತಿ. ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದ ಊರು. ಕ್ರಿ.ಶ. 980ರಲ್ಲಿ ಶಾಂತಿವರ್ಮನು ಅಲ್ಲಿ ಬಸದಿಯನ್ನು ಕಟ್ಟಿಸಿ ಭೂಮಿಯನ್ನು ದತ್ತಿಯಾಗಿ ಬಿಟ್ಟದ್ದು ಕಲ್ಲಿನ ಮೇಲೆ ದಾಖಲಾಗಿದೆ. ನಮ್ಮ ಹಿರಿಯರು ದತ್ತಿಯನ್ನು ಕಲ್ಲಿಗೆ ಹಾಕಿಸಿದ್ದು, ಕೊಟ್ಟದ್ದು ಕೊಟ್ಟ ಉದ್ದೇಶಕ್ಕೇ ಸಲ್ಲಬೇಕೆಂಬ ಕಾಳಜಿಯಿಂದ. ಶಾಸ್ತ್ರದಾನವೆಂದು ತಾಯಂದಿರು ಹುಂಡಿಗೆ ಹಾಕಿದ ಹಣವು, ಕೆಲವೇ ವರ್ಷಗಳಲ್ಲಿ ಬ್ಯಾಟರಿ ಸತ್ತು ಕಸವಾಗುವ ಯಂತ್ರಕ್ಕೆ ಹೋಗಬೇಕೇ? ಅದೇ ಹಣದಿಂದ ಮಕ್ಕಳನ್ನು ಪ್ರೀತಿಸುವ ಒಬ್ಬ ಶ್ರಾವಿಕೆಗೆ ಗೌರವಧನ ಕೊಡಬಹುದು. ಕನ್ನಡದ ಚಿತ್ರಪುಸ್ತಕಗಳ ಒಂದು ಕಪಾಟು ಇಡಬಹುದು. ಊರ ಬಡಿಗನಿಂದ ಮರದ ಅಕ್ಷರಗಳನ್ನು ಮಾಡಿಸಬಹುದು. ಮುಸುರೆ, ಮಳೆ ನೋಡದೆ ಆಡಲು ಒಂದು ಮಣ್ಣಿನ ಅಂಗಳವನ್ನು ಬಿಡಬಹುದು. ಪ್ರತಿಯೊಂದು ಮಂಡಳಿಯೂ ತನ್ನ ಮುಂದಿನ ಸಭೆಯಲ್ಲಿ, ಐದು ವರ್ಷದೊಳಗಿನ ಮಕ್ಕಳ ಶಿಶುವಿಹಾರದಲ್ಲಿ ಪರದೆಯನ್ನು ಬಳಸುವುದಿಲ್ಲವೆಂದು ಠರಾವು ಮಾಡಲಿ. ಬಸದಿಯ ಆವರಣದಲ್ಲಿ ಹಿರಿಯರೂ ತಮ್ಮ ಮೊಬೈಲನ್ನು ಚೀಲದಲ್ಲಿಡಲಿ. ನಾವೇ ಪೂಜೆಯ ನಡುವೆ ಗಾಜನ್ನು ಉಜ್ಜುತ್ತ ಕುಳಿತರೆ, ಮಗುವಿಗೆ ಹೇಳುವ ಅಧಿಕಾರ ನಮಗೆಲ್ಲಿಯದು?

ಗಣಕವು ಕೆಟ್ಟದ್ದೆಂದು ಯಾರೂ ಹೇಳುತ್ತಿಲ್ಲ. ಕಾಲ ಬಂದಾಗ ನಮ್ಮ ಮಕ್ಕಳು ಅದನ್ನು ಕಲಿಯಲಿ, ಅದರಲ್ಲಿ ಪ್ರವೀಣರಾಗಲಿ. ಅಂದು ಸ್ವಾಮಿಯ ಮುಂದೆಯೂ ಪಟ್ಟಿಕೆ ಇತ್ತು; ಆದರೆ ಬರೆದದ್ದು ತಂದೆಯ ಕೈ, ಕೇಳಿಸಿದ್ದು ತಂದೆಯ ಧ್ವನಿ. ಇಂದು ಸಂಜೆ ಮನೆಗೆ ಹೋದಾಗ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಒಂದು ಹಿಡಿ ಕಾಳನ್ನು ಮುಂದೆ ಹರಡಿರಿ. ಎಣಿಕೆ ತಪ್ಪಲಿ, ಕಾಳು ಚೆಲ್ಲಲಿ, ಮತ್ತೆ ಕೂಡಿಸಲಿ. ಶಾಸ್ತ್ರದಾನವು ಅಲ್ಲಿಂದಲೇ ಆರಂಭವಾಗುತ್ತದೆ.